ಬಲಗಡೆಯ ಪೆಟ್ಟಿಗೆ

ಎಂಟು ಸ್ಕ್ರೂ. ಏಳು ಬಂದವು.
ಒಂದಕ್ಕೆ ತಲೆಯೇ ಇರಲಿಲ್ಲ, ಉಪ್ಪು ತಿಂದಿತ್ತು.
ಮುಚ್ಚಳ ಎತ್ತಿದರೆ
ಟ್ರಾನ್ಸ್‌ಫಾರ್ಮರಿನ ಮಗ್ಗುಲಲ್ಲಿ ಹಲ್ಲಿಯ ಎರಡು ಮೊಟ್ಟೆ,
ಮರಿ ಎದ್ದುಹೋದ ಚಿಪ್ಪು.
ಒಣಗಿದ ಸೀಗಡಿಯ ಮೀಸೆಯೊಂದು, ಅದು ಹೇಗೆ ಬಂತೋ.
ಬೆಂಗರೆಯ ಗಾಳಿ ಎಲ್ಲಿಗೂ ಹೋಗುತ್ತದೆ.

ಲೋಕಯ್ಯಣ್ಣ ಹೇಳಿದ್ದು ಇಷ್ಟೇ:
"ಲೈಟು ಹೊತ್ತುತ್ತದೆ. ದನಿ ಮಾತ್ರ
ಮನಸ್ಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.
ನೀವು ಹೇಗೂ ಹಳತನ್ನು ಸಾಕುವವರಲ್ಲವಾ."

ಹೌದು, ಸಾಕುತ್ತೇನೆ.
ಬಂದರಿನ ಅಡ್ಡರಸ್ತೆಯ ಮಹಡಿಯಲ್ಲಿ
ಹನ್ನೊಂದು ಸ್ಟೀರಿಯೊ ರಿಸೀವರ್.
ಒಂದರ ಮೇಲೊಂದು ಇಡುವ ಹಾಗಿಲ್ಲ, ಅವಕ್ಕೆ ಸೆಕೆ.
ಕೆಳಗಿನ ಒಣಮೆಣಸಿನ ಮಂಡಿಯವರು
ಜಂತಿ ನೋಡಿ ನೋಡಿ ಬಾಡಿಗೆ ಏರಿಸುತ್ತಾರೆ.
ಬಹರೇನಿನಿಂದ ಹಾಸಿಗೆಯಲ್ಲಿ ಸುತ್ತಿ ತಂದದ್ದು,
ಹಡಗಿನ ಅಡಿಗೆಯವ ಸಾಲಕ್ಕೆ ಬಿಟ್ಟುಹೋದದ್ದು,
ಗುಜರಿಯಲ್ಲಿ ಕಿಲೋ ಲೆಕ್ಕಕ್ಕೆ ಕೂತದ್ದು.
ಮಾರುವುದಿಲ್ಲವಾ ಎಂದು ಕೇಳುತ್ತಾರೆ.
ಕಾಯಿಲೆ ವಾಸಿಯಾದ ಮೇಲೆ ಮಾರುವುದು
ಎಂತದ್ದೋ, ಸರಿ ಕಾಣುವುದಿಲ್ಲ.

ಮೊದಲ ವಾರ ಬರೀ ಕುಂಚ, ಸ್ಪಿರಿಟ್ಟು.
ಆಮೇಲೆ ನೆನೆದ ಕಡಲೆಯಂತೆ ಉಬ್ಬಿದ
ಕೆಪಾಸಿಟರುಗಳನ್ನು ಒಂದೊಂದೇ ಕಿತ್ತು
ಹೊಸತು ಕೂರಿಸಿದೆ. ಬೆಸುಗೆಯ ರಾಳದ ಹೊಗೆ
ಅಂಗಿಗೆ, ಅನ್ನಕ್ಕೆ, ದಿಂಬಿಗೆ.
ಡಯಲಿನ ದಾರ ತುಂಡಾಗಿತ್ತು.
ಆ ದಾರ ಈಗ ಬರುವುದಿಲ್ಲ.
ಬಲೆ ಹೆಣೆಯುವವರಲ್ಲಿ ಒಂದು ಗಜ ಬೇಡಿ
ಚಕ್ರಕ್ಕೆ ಎರಡು ಸುತ್ತು, ಸ್ಪ್ರಿಂಗಿಗೆ ಒಂದು ಗಂಟು.
ಕೆಂಪು ಮುಳ್ಳು ಎಂಬತ್ತೆಂಟರಿಂದ ನೂರೆಂಟಕ್ಕೆ
ನದಿ ದಾಟಿದ ಹಾಗೆ ಹೋಗಿಬಂತು.

ಉಳಿದದ್ದು ಬ್ಯಾಲೆನ್ಸಿನ ತಿರುಗಣೆ.
ಎಡದ ಕೊನೆಯಲ್ಲಿ ಕಚ್ಚಿಕೊಂಡಿತ್ತು.
ಬಿಚ್ಚಿದೆ: ಇಂಗಾಲದ ಕಪ್ಪು ದಾರಿಯಲ್ಲಿ
ಎಡತುದಿಗೆ ಒಂದೇ ಸವೆತ, ಉಗುರಿನಷ್ಟು.
ಮಿಕ್ಕ ದಾರಿಯಲ್ಲಿ ಯಾರೂ ನಡೆದಿರಲಿಲ್ಲ.
ತುಕ್ಕಿರಬೇಕು ಎಂದುಕೊಂಡು ಎಣ್ಣೆ ಬಿಟ್ಟೆ, ನಡುವಿಗೆ ತಂದೆ.
ನಡುವಿನಲ್ಲಿ ಒಂದು ಸಣ್ಣ ತಡೆ ಉಂಟು,
ಕಣ್ಣಿಗಲ್ಲ, ಬೆರಳಿಗೆ.

ಫೆರಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ.
ಟಿಕೇಟಿನವ ಗೋಣಿ ಎತ್ತಿ ನೋಡಿ
"ಇದಕ್ಕೂ ಒಂದು ತಗೊಳ್ಳಿ" ಎಂದ.
ತಗೊಂಡೆ.

ಎಡಗಡೆಯ ಪೆಟ್ಟಿಗೆ ಲೋಕಯ್ಯಣ್ಣನ ಕುರ್ಚಿಯ ಹತ್ತಿರ.
ಬಲಗಡೆಯದು ಅಡಿಗೆಕೋಣೆಯ ಬಾಗಿಲಿಗೆ ಒತ್ತಿ,
ಅದರ ಮೇಲೆ ಅಕ್ಕಿ ಅಳೆಯುವ ಸೇರು, ರೇಷನ್ ಕಾರ್ಡು.
ಸ್ವಿಚ್ಚು ಒತ್ತಿದೆ. ಇವು ಒಡನೆ ಹಾಡುವುದಿಲ್ಲ.
ಮೂರು ನಾಲ್ಕು ಸೆಕೆಂಡು ತಮ್ಮ ನಾಡಿ ತಾವೇ ಹಿಡಿದು ನೋಡುತ್ತವೆ,
ಮತ್ತೆ ಒಳಗೆಲ್ಲೋ ರಿಲೇ, ಟಕ್,
ಅಡಕತ್ತರಿ ಮುಚ್ಚಿದ ಹಾಗೆ.

ಅವರದೇ ಕ್ಯಾಸೆಟ್ಟು, ಬೆನ್ನ ಮೇಲಿನ ಹೆಸರು ಅಳಿಸಿದ್ದು.
ಹಾಡುವವಳು ಗೋಡೆ ಬಿಟ್ಟು ಕೋಣೆಯ ನಡುವಿಗೆ ಬಂದಳು.
ಬಲಗಡೆಯಲ್ಲಿ ಮ್ಯಾಂಡೊಲಿನ್ ಎದ್ದಿತು.

ಬಂಗುಡೆ ಕೊಯ್ಯುತ್ತಿದ್ದ ವಾರಿಜಕ್ಕ
ಒದ್ದೆಕೈಯಲ್ಲೇ ಹೊರಗೆ ಬಂದರು.
"ಇದು ಯಾರು?
ಮೂವತ್ತು ವರ್ಷ ಕೇಳಿದ ಹಾಡು. ಇದು ಇದರಲ್ಲಿ ಇರಲಿಲ್ಲ."
ಇತ್ತು, ಎಂದೆ.

ಲೋಕಯ್ಯಣ್ಣ ತಮ್ಮ ಬಲಕಿವಿ ತಟ್ಟಿ ತೋರಿಸಿದರು,
ಟ್ರಾಲರಿನ ಇಂಜಿನಿಗೆ ಕೊಟ್ಟ ಕಿವಿ.
"ನನಗೆ ಆ ಬದಿ ಯಾಕೆ? ಇಡೀ ಈಚೆ ತಿರುಗಿಸಿದ್ದೆ."
"ಹೇಳಲಿಲ್ಲ ನೀವು."
"ನೀನು ಕೇಳಲಿಲ್ಲ."

ಸೇರು ಇಳಿಯಿತು, ರೇಷನ್ ಕಾರ್ಡು ಇಳಿಯಿತು.
ವಾರಿಜಕ್ಕ ಪೆಟ್ಟಿಗೆಯ ಮಗ್ಗುಲಲ್ಲಿ ನೆಲಕ್ಕೆ ಕೂತರು,
ಮೊಣಕೈವರೆಗೆ ಮೀನಿನ ಪೊರೆ ಮಿಂಚುತ್ತ.
ಕುರ್ಚಿಯಿಂದ ಲೋಕಯ್ಯಣ್ಣ
ಒಳ್ಳೆಯ ಕಿವಿಯನ್ನು ಈಚೆ ತಿರುಗಿಸಿ
"ಅಲ್ಲಿ ಎಂತ ಬಾರಿಸುತ್ತಿದ್ದಾರೆ?" ಎಂದರು.

ವಾರಿಜಕ್ಕ ಅಂಗೈ ಎತ್ತಿದರು, ಸ್ವಲ್ಪ ನಿಲ್ಲಿ ಎಂಬಂತೆ.
ಬೆಕ್ಕು ಬಂಗುಡೆಯ ತಟ್ಟೆಯ ಹತ್ತಿರ ಬಂದಿತ್ತು.
ಯಾರೂ ಓಡಿಸಲಿಲ್ಲ.