ಕೆಮ್ಮೇ ಚಿಲಕ

ಡೋಣಿ ಬಿಟ್ಟು ಮ್ಯಾಲ, ಗಾಳಿಕಂಬಗಳ ಸಾಲು ದಾಟಿದರ
ಇಲಾಖೆಯ ಕ್ಯಾಂಪು. ಕ್ಯಾಂಪಿನ ಹಿಂದ ನಾಕು ಖೋಲಿ,
ತಗಡಿನ ಬಾಗಲಾ. ಹನ್ನೊಂದು ವರ್ಷದಿಂದ
ಒಂದಕ್ಕೂ ಚಿಲಕ ಇಲ್ಲ.
ಒಳಗಿದ್ದವರು ಕೆಮ್ಮಬೇಕು, ಹೊರಗಿದ್ದವರು ತಿಳಕೋಬೇಕು.
ಪಾವತಿ ಹರಿದು ಕೊಡುವಾಗ
ಬಂದವರಿಗೆಲ್ಲಾ ಹೇಳತಿದ್ದೆ:
ಬೆಂಕಿ ಹಚ್ಚಬ್ಯಾಡ್ರಿ,
ಹಾವಿಗೆ ಕಲ್ಲು ಒಗೀಬ್ಯಾಡ್ರಿ,
ಕೆಮ್ಮರಿ.

ಕೆಮ್ಮಿನಾಗೂ ಜಾತಿ ಅದಾವು.
ಸಾಹೇಬರದು ಒಣಾ ಕೆಮ್ಮು, ಫೈಲಿನ ಹಾಳಿ ತಿರುವಿದಂಗ.
ಬೇರು ಹುಡುಕುತ ಬರೋ ವೈದ್ಯರದು
ನಶ್ಯದ ಘಾಟು ಹೊತಗೊಂಡು ಗ್ವಾಡಿ ದಾಟತಿತ್ತು.
ಕಾಲೇಜಿನ ಹುಡುಗರು ಕೆಮ್ಮತಿದ್ದಿಲ್ಲ, ಸಿಳ್ಳಿ ಹಾಕತಿದ್ದರು.
ಹುಡುಗ್ಯಾರ ಕೆಮ್ಮು
ನಾ ಒಮ್ಮೆಯೂ ಕೇಳಿದ್ದಿಲ್ಲ.

ಅದು ತಿಳಿಯಾಕ ನನಗ ತಡಾ ಆತು.
ಎರಡು ದಿನದ ಶಿಬಿರ, ಮೂವತ್ತೆಂಟು ಹುಡುಗ್ಯಾರು,
ತುಂಬಿಟ್ಟ ಕ್ಯಾನಿನ ನೀರು ಇಳೀಲೇ ಇಲ್ಲ.
"ಯಾಕವ್ವಾ, ನೀರು ಸಪ್ಪಗದಾವೇನು?" ಅಂದೆ.
ಒಬ್ಬಾಕಿ, ಮೈಮುನಾ ಅಂತ ಹೆಸರು,
ತುಟಿ ಒಡದಿದ್ದವು, ಮುಖ ಅತ್ಲಾಗ ತಿರುವಿದಳು:
"ಕುಡದರ ಹೋಗಬೇಕಾಗತದ್ರಿ."

ಆ ರಾತ್ರಿ ಕಂದೀಲಿನ ಬೆಳಕಿಗೆ ಬುಕ್ಕಿನಾಗ ಬರದೆ:
ಕತ್ತೆಕಿರುಬ ಒಂದು, ಮೂಡಣ ಇಳಿಜಾರು.
ತೋಳ, ಹೆಜ್ಜಿ ಮಾತ್ರ.
ಆಮ್ಯಾಲೆ ಪೆನ್ನು ಝಾಡಿಸಿ:
ನೀರು ಎರಡು ಕ್ಯಾನು, ಕುಡೀದೇ ಉಳಿದದ್ದು.

ಆ ಸಾಲು ಯಾರೂ ಓದಲಿಲ್ಲ.
ಮಂಜೂರಾತಿಗೆ ಅದು ಕಾರಣಾನೂ ಅಲ್ಲ.
ಮ್ಯಾಲಿನ ಸಾಹೇಬರ ಮನಿಯವರು ಬಂದಿದ್ದರು ಒಮ್ಮೆ;
ಗಾಳಿ, ಬಾಗಲಾ ತಗದುಬಿಡ್ತು. ಅಷ್ಟ.
ಮುಂದಿನ ತಿಂಗಳು ಅಂದಾಜುಪತ್ರಿಕೆ ಬಂತು.

ಕೆಡವಾಕ ಅತ್ತಿಕಟ್ಟಿ ತಾಂಡಾದ ಥಾವರೆಪ್ಪ
ಹಾರಿ ಹೆಗಲಿಗಿಟ್ಟು ಬಂದ. ಎರಡು ಖೋಲಿ ಮಧ್ಯಾಹ್ನಕ್ಕ ನೆಲಕ್ಕ.
ಮೂರನೇದರ ಮ್ಯಾಲ ಒಡದ ಟಾಕಿ,
ಟಾಕಿಯೊಳಗ ಹಾಲಕ್ಕಿ, ಹಾಲಕ್ಕಿಯ ಮೂರು ಮರಿ,
ಬೂದಿ ಮೆತ್ತಿದಂಥ ಮೈ, ಮೈಗಿಂತ ದೊಡ್ಡ ಕಣ್ಣು.
ಥಾವರೆಪ್ಪ ಹಾರಿ ಕೆಳಗಿಟ್ಟ.
ಗುತ್ತಿಗೆದಾರ ಫೋನಿನಾಗ ಒದರಿದ:
"ಗೂಬಿ ಸಂಬಂಧ ಕೆಲಸ ನಿಂದ್ರಸತೀರೇನು?"
"ಅರಣ್ಯ ಇಲಾಖೆ ಅಲ್ಲೇನ್ರಿ ಇದು?" ಅಂದೆ.
ಅಂದ ಮ್ಯಾಲ ನನಗೇ ಅಂಜಿಕಿ ಬಂತು,
ದಿನಗೂಲಿಯವ ನಾನು.
ಆದರೂ ಖೋಲಿ ನಿಂತಿತು, ಇಪ್ಪತ್ತು ದಿನ,
ಬಯಲಾಗ ಒಂದೇ ಹಲ್ಲು ಉಳಿದ ಬಾಯಿಯಂಗ.

ಅಷ್ಟರಾಗ ಗೌಂಡಿ ರಾಜೇಸಾಬ ನೆಲಕ್ಕ ಕೊಡ ನೀರು ಸುರುವಿ
ಅದು ಹರಿಯೋದ ನೋಡತ ಕುಂತ.
"ಹಳೇ ಗುಂಡಿ ಹಳ್ಳಕ್ಕ ಸೋರತಿತ್ತು.
ಊರವರು ಕೆಳಗ ಕುಡೀತಾರು. ಈ ಕಡೆ ಬ್ಯಾಡ."
ನಕಾಶಿಯಲ್ಲಿದ್ದ ಗೆರಿ ಮೂವತ್ತು ಹೆಜ್ಜಿ ಸರೀತು,
ಇಂಜಿನಿಯರು ಬಂದಾಗ ಗ್ವಾಡಿ ಎದಿಮಟ ಎದ್ದಿತ್ತು.

ಥಾವರೆಪ್ಪನ ಹೆಂಡತಿ ಸೀತಲಿಬಾಯಿ, ಬುಟ್ಟಿ ಇಳಿಸಿ,
ಒಳಗ ಇಣುಕಿ ನೋಡಿ ಕೇಳಿದಳು:
"ಬ್ಯಾಗು ಎಲ್ಲಿ ತೂಗು ಹಾಕೂದು? ಓಢಣಿ ಎಲ್ಲಿ?"
ಹದಿನಾರು ಪುಟದ ಅಂದಾಜಿನಾಗ
ಒಂದು ಗೂಟ ಇದ್ದಿಲ್ಲ.
ಹೊಡದ್ವಿ, ಆರು ಖೋಲಿಗೂ,
ಆಕಿ ಕೈ ಎತ್ತಿ ತೋರಿಸಿದ ಎತ್ತರಕ್ಕ.

ಚಿಲಕ ಮಾತ್ರ ನಾನೇ ತಂದೆ, ಮುಂಡರಗಿ ಪ್ಯಾಟಿಯಿಂದ.
ಟೆಂಡರಿನವು ಹಗೂರ, ಉಗುರಿಗೆ ಬಾಗತಿದ್ದವು.
ಅಂಗಡಿಯವ ಬ್ಯಾಸತ್ತ,
ನಾನು ಒಂದೊಂದೂ ಎಳದು ಬಿಟ್ಟು ಕೇಳತಿದ್ದೆ,
ಟಕ್,
ಟಕ್,
ಇದು ಅಲ್ಲ,
ಟಕ್.

ಈಗ ರಾತ್ರಿ ಒಬ್ಬನೇ ಇದ್ದಾಗ
ಚಿಲಕ ಹಾಕಿ ಕುಂತರೂ ಕೆಮ್ಮು ಬರತೈತಿ.
ಗುಡ್ಡದಾಗ ಯಾರೂ ಇಲ್ಲ. ಗಾಳಿಕಂಬ ತಿರಗತೈತಿ.
ಎದ್ದು ಬಂದು ಕೈ ತೊಳಕೊಂಡು
ನಾನೇ ನಗತೇನಿ.

ಜನವರಿಯಾಗ ಮತ್ತ ಸಾಲಿ ಹುಡುಗ್ಯಾರು ಬಂದರು.
ಮೈಮುನಾ ಇದ್ದಿಲ್ಲ, ಆಕಿ ಆ ಸಾಲಿ ಮುಗಿಸಿ ಹೋಗಿರಬೇಕು.
ಹನ್ನೊಂದು ಗಂಟೆಗೇ ಒಬ್ಬಾಕಿ ಕ್ಯಾನು ವಾಲಿಸಿ
ಲೋಟ ಕೆಳಗ ಹಿಡದಿದ್ದಳು.
ಬುಕ್ಕಿನಾಗ ಬರದೆ:
ನೀರು, ನಾಕು ಕ್ಯಾನು. ಸಾಲಲಿಲ್ಲ.
ಬರದು, ಕ್ಯಾನು ಹೆಗಲಿಗೇರಿಸಿ
ಬೋರಿನ ಕಡೆ ಇಳದೆ.