ಏಳನೇ ಹಾಳೆ

ಶಿವಾಜಿನಗರದ ರದ್ದಿ ಅಂಗಡಿಯ ಅಫ್ಸರ್ ಪಾಷಾ
ತಕ್ಕಡಿಗೆ ಹಾಕುವ ಮೊದಲು ಒಂದು ಸುರುಳಿ ಎತ್ತಿಟ್ಟಿದ್ದ:
"ನಿಮ್ಮ ಹುಚ್ಚಿಗೆ ಆಗುತ್ತೇನೋ ನೋಡಿ, ಡಾಕ್ಟ್ರೇ."
ಡಾಕ್ಟರಲ್ಲ ನಾನು. ಡಾಕ್ಟರು ಕಳಿಸುವ ಅಚ್ಚುಗಳಿಗೆ
ಹಲ್ಲು ಕೂರಿಸುವವನು, ಇನ್‌ಫೆಂಟ್ರಿ ರಸ್ತೆಯ ಹಿಂದಿನ ಓಣಿಯಲ್ಲಿ.
ಎಷ್ಟು ವರ್ಷದಿಂದ ಹೇಳಿದರೂ ಅವನು ಕೇಳುವುದಿಲ್ಲ.

ಬಿಚ್ಚಿದರೆ ನೀಲಿ.
ಅಂಚಿನಲ್ಲಿ ಗೆದ್ದಲು ಓದಿ ಮುಗಿಸಿದ ಭಾಗ,
ನಡುವೆ ಬಿಳಿಗೆರೆಯಲ್ಲಿ ಉದ್ದಕ್ಕೆ ಮಲಗಿದ ರಾಕೆಟ್ಟು.
ಹನ್ನೆರಡು ಹಾಳೆಗಳಲ್ಲಿ ಹನ್ನೊಂದು.
ರೆಕ್ಕೆಯ ಓರೆ, ಮೂತಿಯ ಬಾಗು, ತಿರುಪಿನ ತೂತುಗಳ ನಡುವಿನ ದೂರ.
ಮೂಲೆಯ ಚೌಕದಲ್ಲಿ, ಬರೆದವರು: ಆರ್. ಡಿ.
ಪರಿಶೀಲಿಸಿದವರು ಎಂಬಲ್ಲಿ ಚಹಾ ಲೋಟದ ದುಂಡು ಕಲೆ.

ಪ್ರಮಾಣವನ್ನು ನಾನು ಆರಿಸಲಿಲ್ಲ, ಕೊಳವೆ ಆರಿಸಿತು.
ಚಿಕ್ಕಪೇಟೆಯಲ್ಲಿ ಬಟ್ಟೆಯ ಥಾನು ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆ,
ಅಡ್ಡಳತೆ ನಲವತ್ತೊಂದು ಮಿಲ್ಲಿಮೀಟರು.
ನಿಜವಾದದ್ದು ಇನ್ನೂರ ಐದು.
ಐದಕ್ಕೊಂದು. ತೀರಿತು.
ರಾತ್ರಿ ಲ್ಯಾಬಿನ ಷಟರು ಎಳೆದು, ಹಲ್ಲಿನ ಮೇಣ ಕೆತ್ತುವ ಉಳಿಯಲ್ಲೇ
ಬಾಲ್ಸಾ ಮರದ ರೆಕ್ಕೆ ಸವರಿದೆ.

ಒಮ್ಮೆ ಕೂಡಿಸಿ ನೋಡಿದೆ:
ಮೂತಿ ಆರುನೂರ ಹತ್ತು,
ಒಡಲು ಸಾವಿರದ ಎಂಟುನೂರ ನಲವತ್ತು,
ಬಾಲ ನಾನೂರ ಐವತ್ತೈದು.
ಒಟ್ಟು ಎಂದು ಬರೆದದ್ದಕ್ಕೆ ಇಪ್ಪತ್ತೈದು ಕಡಿಮೆ.
ಮತ್ತೆ ಕೂಡಿಸಿದೆ, ಬೆರಳಲ್ಲಿ, ಕ್ಯಾಲ್ಕುಲೇಟರಿನಲ್ಲಿ, ಹೆಂಡತಿಯ ಕೈಲಿ.
ಇಪ್ಪತ್ತೈದೇ. ನನ್ನ ಮಾದರಿಯಲ್ಲಿ ಐದು,
ಕೆಳದವಡೆಯ ನಡುಬಾಚಿ ಹಲ್ಲಿನಷ್ಟು ಸಂದು.
ಬಿದ್ದ ಹಲ್ಲಿನ ಜಾಗಕ್ಕೇ ನಾಲಗೆ ಹೋಗುತ್ತದಲ್ಲ, ಹಾಗಾಯಿತು.

ಯಾರನ್ನೋ ಕೇಳಿ, ಅವರು ಇನ್ಯಾರನ್ನೋ ಕೇಳಿ,
ಲಿಂಗರಾಜಪುರದ ಎರಡನೇ ಮಹಡಿ. ರೆಜಿನಾ ದೊರೈರಾಜ್.
ಎಂಬತ್ತು ದಾಟಿದೆ. ಬಾಗಿಲಲ್ಲೇ ನನ್ನ ಕೈಯಿಂದ ಹಾಳೆ ಕಿತ್ತುಕೊಂಡು
ಮೊದಲು ನೋಡಿದ್ದು ರಾಕೆಟ್ಟನ್ನಲ್ಲ, ತಮ್ಮ ಅಂಕಿಗಳನ್ನು.
"ಈ ನಾಲ್ಕು ಸರಿ ಬಂದಿಲ್ಲ," ಎಂದರು.

ಸಂದಿನಲ್ಲಿ ಒಂದು ಉಂಗುರವಿತ್ತಂತೆ.
ಅಲುಗಿಸುವ ಪರೀಕ್ಷೆಯಲ್ಲಿ ಕೀಲು ಬಿಟ್ಟುಕೊಂಡಿತು,
ರಾತ್ರೋರಾತ್ರಿ ಲೇತಿನ ಮೇಲೆ ತಿರುವಿದರು ಅದನ್ನು.
ಒಟ್ಟಳತೆಯನ್ನು ಇವರೇ ಬ್ಲೇಡಿನಿಂದ ಕೆರೆದು ತಿದ್ದಿದರು,
ಉಂಗುರಕ್ಕೆ ಬೇರೆ ಹಾಳೆ ಬರೆದರು, ಏಳನೆಯದು.
ಅದು ಲೇತಿನ ಹತ್ತಿರ ಹೋದದ್ದು ಬರಲಿಲ್ಲ.
"ಯಾರೋ ಗ್ರೀಸು ಒರೆಸಿಕೊಂಡಿರಬೇಕು."

ಆಮೇಲೆ ಕೇಳಿದರು, "ಬಣ್ಣ ಏನು ಬಳಿದೆ?"
ಬಿಳಿ, ಎಂದೆ. ಸಿಕ್ಕ ಫೋಟೊ ಒಂದೇ, ಕಪ್ಪುಬಿಳುಪಿನದು,
ಅದರಲ್ಲಿ ಎಲ್ಲವೂ ಬೂದಿ.
"ಉಂಗುರಕ್ಕೆ ಬಿಳಿ ಇಲ್ಲ. ಪೇಂಟು ಮುಗಿದಿತ್ತು.
ಪ್ರೈಮರಿನಲ್ಲೇ ಮೇಲೆ ಹೋಯಿತು, ಹಸಿರುಹಳದಿ.
ಇನ್ನೆರಡು ದಿನ ಬಿಟ್ಟು ತಿನ್ನಿ ಅನ್ನುತ್ತಾನಲ್ಲ ಗಾಡಿಯವನು,
ಆ ಬಾಳೆಹಣ್ಣು."

ಬಸ್ಸಿನುದ್ದಕ್ಕೂ ಆ ಬಣ್ಣ ಹುಡುಕಿದೆ.
ಯಾರದೋ ದುಪಟ್ಟಾ ಹತ್ತಿರ ಬಂತು, ಒಂದು ಗೋಡೆ ಇನ್ನೂ ಹತ್ತಿರ.
ಕೊನೆಗೆ ರಸೆಲ್ ಮಾರ್ಕೆಟ್ಟಿನಲ್ಲಿ ಒಂದು ಹಣ್ಣೇ ಕೊಂಡು
ಮೇಜಿನ ದೀಪದಡಿ ಇಟ್ಟು ಬೆರೆಸತೊಡಗಿದೆ.
ಬೆಳಗಾಗುವಷ್ಟರಲ್ಲಿ ಅದು ಹಣ್ಣಾಗಿಬಿಟ್ಟಿತ್ತು.

ಭಾನುವಾರ, ಚರ್ಚು ಮುಗಿಸಿ ಬಂದವರ ಮುಂದೆ
ಮಾದರಿ ನಿಲ್ಲಿಸಿದೆ. ಪಕ್ಕದಲ್ಲಿ ನಾನೇ ಬರೆದ ಏಳನೇ ಹಾಳೆ,
ಮೂಲೆಯ ಚೌಕದಲ್ಲಿ ಒಂದು ಮನೆ ಖಾಲಿ.
ಮುಂದಿನ ವಾರ ಹೆಸರಘಟ್ಟದ ಬಯಲಿಗೆ, ಗಾಳಿ ಏಳುವ ಮುಂಚೆ, ಎಂದೆ.
ಐವತ್ತಡಿ ಏರಿದರೆ ಉಂಗುರ ಯಾರ ಕಣ್ಣಿಗೂ ಬೀಳದು,
ಅಂತಲೂ ಅಂದೆ, ತಮಾಷೆಗೆ.
ಅವರು ನಗಲಿಲ್ಲ. ನನ್ನ ಜೇಬಿನ ವರ್ನಿಯರ್ ತಾವೇ ತೆಗೆದು
ಉಂಗುರಕ್ಕೆ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿದರು.
"ಐದು ಪಾಯಿಂಟ್ ಎರಡು. ಐದರಿಂದ ಗುಣಿಸು."
ಒಂದು ಮಿಲ್ಲಿ ಹೆಚ್ಚು, ಎಂದೆ.
"ಇಷ್ಟಕ್ಕೇ ವಾಪಸು ಕಳಿಸುತ್ತಿದ್ದರು ನಮ್ಮನ್ನ."

ಮಾದರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದು
ಅತಿ ನುಣುಪಿನ ಮರಳುಕಾಗದ ಹುಡುಕುತ್ತಿದ್ದೇನೆ.
ಹಾಳೆ ಅವರ ಹತ್ತಿರವೇ ಇದೆ,
ಸಹಿಯಿಲ್ಲ.