ಕೈಗಡ

ಕಡಲ ಮಂಜು ಅಬರ್ಡೀನಿನ ಬೀದಿಗೆ ಬಂದಿದ್ದ ಬೆಳಿಗ್ಗೆ
ಆಸ್ಪತ್ರೆಯ ನೆಲಮಾಳಿಗೆಗೆ ಇಳಿದು ಬಂದವರು
ಎರ್ಲೆಂಡ್ ಫ್ಲೆಟ್, ಎಪ್ಪತ್ತೊಂದು,
ನಲವತ್ತು ವರ್ಷ ಮೀನುಬಲೆ ಹೆಣೆದವರು.
ರೋಗಿಯಲ್ಲ. ಸಂಶೋಧನೆಗೆ ತಲೆ ಕೊಟ್ಟವರು.

ರಾತ್ರಿಯಿಂದ ಏನೂ ತಿಂದಿಲ್ಲ ತಾನೆ, ಎಂದೆ.
ನೀರು ಕುಡಿದೆ, ಹೆಂಡತಿಯ ಬೈಗುಳ ನುಂಗಿದೆ, ಅಂದರು.

ಸೀಸದ ಡಬ್ಬಿಯಿಂದ ಸಿರಿಂಜು ತೆಗೆದು
ನರ ಹುಡುಕಿ ಚುಚ್ಚಿದೆ.
ಸಕ್ಕರೆಯಂಥದೇ ಸಕ್ಕರೆ;
ಕೋಶ ಬಾಯಿಗೆ ಹಾಕಿಕೊಳ್ಳುತ್ತದೆ, ಅರಗಿಸಲಾರದು,
ಸಿಕ್ಕಿಕೊಂಡಲ್ಲೇ ಮಿನುಗುತ್ತದೆ.
ಯಾರಿಗೆ ಎಷ್ಟು ಹಸಿವೆಂದು ಹೀಗೆ ತಿಳಿಯುವುದು ನಮಗೆ.

"ಇನ್ನು ನಲವತ್ತು ನಿಮಿಷ ಏನೂ ಮಾಡಬೇಡಿ."
ದೀಪ ಆರಿಸಿ ಹೊರಗೆ ಬಂದೆ.

ಹದಿನಾಲ್ಕು ವರ್ಷದಿಂದ ಹೇಳುತ್ತಿರುವ ಮಾತು,
ಹೇಳಿದಾಗಲೆಲ್ಲ ನಾಲಗೆಗೆ ಸಣ್ಣ ಸುಳ್ಳಿನ ರುಚಿ.
ಸುಮ್ಮನಿರುವ ಮಿದುಳೂ ಒಲೆ ಆರಿಸುವಂತಿಲ್ಲ.
ಒಂದೂವರೆ ಕಿಲೋ ತೂಗದ ಮುದ್ದೆ
ಮೈಯ ಅನ್ನದಲ್ಲಿ ಐದನೇ ಪಾಲು ಕೇಳುತ್ತದೆ
ಮಲಗಿದರೂ, ಮುನಿದರೂ.
ಲೆಕ್ಕ ಮಾಡಿದರೆ, ಮುಖವೊಂದನ್ನು ನೆನೆದರೆ
ಮೇಲುಖರ್ಚು ಬರೀ ಚಿಲ್ಲರೆ.

ಆ ಚಿಲ್ಲರೆಗೇ ಎಷ್ಟು ಓಡಾಟ!
ಕೆಲಸ ಬಿದ್ದ ಓಣಿಗೆ ರಕ್ತ ನುಗ್ಗುತ್ತದೆ,
ಕೋಶದೊಳಗಿನ ಪುಟ್ಟ ಒಲೆಗಳು
ಗದ್ದಲದ ತುದಿಗೆ ಸರಿದು ಕೂರುತ್ತವೆ.
ನರಕೋಶಕ್ಕೆ ಕಣಜವೆಂಬುದಿಲ್ಲ;
ಒಂದಿಷ್ಟು ಕೂಡಿಟ್ಟವಳು
ನಕ್ಷತ್ರದ ಮೈಯ ನೆರೆಯವಳು.
ಸಕ್ಕರೆಯನ್ನು ಅರೆಬೇಯಿಸಿ
ಗೋಡೆಯ ಮೇಲಿಂದ ಬಟ್ಟಲು ದಾಟಿಸುತ್ತಾಳಂತೆ.
ಅಲ್ಲ, ಅವನೇ ಬೇಯಿಸಿಕೊಳ್ಳುತ್ತಾನೆ ಎನ್ನುವವರೂ ಇದ್ದಾರೆ,
ಮೂರನೇ ಮಹಡಿಯಲ್ಲಿ ಈ ಬಗ್ಗೆ ಮಾತೇ ಬಿಟ್ಟವರಿದ್ದಾರೆ.
ನಾನು ಬಟ್ಟಲಿನ ಕಡೆ.
ಪತ್ರವಿಲ್ಲ, ಬಡ್ಡಿಯಿಲ್ಲ, ಕೈಗಡ.

ಚಿತ್ರ ಬಂತು.
ಎಡಮಗ್ಗುಲಲ್ಲಿ, ಬಲಗೈಯನ್ನು ಆಳುವ ಮಡಿಕೆಯ ಬಳಿ
ಇರಬೇಕಾದ್ದಕ್ಕಿಂತ ಒಂದೆಳೆ ಹೆಚ್ಚು ಹಳದಿ.

"ಕೈ ಆಡಿಸಿದಿರಾ?"
"ಇಲ್ಲಮ್ಮ. ಏನೂ ಮಾಡಬೇಡಿ ಅಂದಿರಿ, ಮಾಡಲಿಲ್ಲ.
ಹರಿದ ಬಲೆಯೊಂದು ನೆನಪಾಯಿತು, ಎಂಬತ್ತಮೂರರದು.
ಅರ್ಧಕ್ಕೆ ಬಿಟ್ಟಿದ್ದೆ."

ಚಹಾ, ಎರಡು ಬಿಸ್ಕತ್ತು. ಸಕ್ಕರೆ ಬೇಡವೆಂದರು.
ಹೊರಡುವಾಗ ನನ್ನ ಕೊರಳಿನ ಗುರುತುಚೀಟಿಯ
ಕಿತ್ತ ದಾರ ನೋಡಿ, ಕೇಳದೆ,
ಎರಡೇ ಬೆರಳಲ್ಲಿ ಗಂಟು ಹಾಕಿಕೊಟ್ಟರು.

ಮೂರು ವಾರವಾಯಿತು, ಸಡಿಲಾಗಿಲ್ಲ.
ಪಾಳಿ ಮುಗಿಸಿ ಮರಳುವ ಬಸ್ಸಿನಲ್ಲಿ ಕಣ್ಣುಮುಚ್ಚಿ
ಅದು ಯಾವ ಕಡೆಯಿಂದ ಸುತ್ತಿತೆಂದು ಹುಡುಕುತ್ತೇನೆ,
ಮೇಲಿಂದಲೋ, ಒಳಗಿಂದಲೋ.
ಮಡಿಲಲ್ಲಿ ಎರಡೂ ಕೈ ಕದಲದೆ ಬಿದ್ದಿವೆ.
ಒಳಗೆಲ್ಲೋ ಯಾರೋ ಗೋಡೆಯಾಚೆಗೆ
ಬಟ್ಟಲು ಚಾಚಿರಬೇಕು.